ಟೆಂಟಿಗಿಂತ ಮೊದಲು ಬಚ್ಚಲು ನೋಡಿ

ಬಾದಾಮಿ ಹತ್ತಿರ ನಮ್ಮ ಕಾಕಾನ ಹೊಲದಲ್ಲಿ ಹನ್ನೆರಡು ಟೆಂಟ್, ಒಂದು ಸಾಲಿನಲ್ಲಿ ಆರು ಬಚ್ಚಲು, ಆರು ಸಂಡಾಸು ಇವೆ. ಚಳಿಗಾಲದಲ್ಲಿ ಬಂಡೆ ಹತ್ತುವ ಹುಡುಗರು ಬರುತ್ತಾರೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯ ಮಂದಿ ಬರುತ್ತಾರೆ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಹಾಕಿದ ಬೀಗವನ್ನು ತಿಂಗಳುಗಟ್ಟಲೆ ತೆಗೆದಿರಲಿಲ್ಲ. ತೆಗೆದ ದಿನ ಬಚ್ಚಲಿನಿಂದ ಬಂದ ವಾಸನೆಗೆ ಮೂರು ಹೆಜ್ಜೆ ಹಿಂದೆ ಸರಿದೆವು.

‘ಬಯಲಾಗ ಮಲಗೋರಿಗೆ ಎಲ್ಲಿ ರೋಗ ಬರ್ತದ ತಮ್ಮಾ? ಪ್ಲೇಗ್ ಬಂದಾಗ ನಮ್ಮ ಹಿರ್‍ಯಾರು ಊರು ಬಿಟ್ಟು ಹೊಲಕ್ಕ ಬಂದಿದ್ರು’ ಅಂದರು ಕಾಕಾ. ಅವರ ಮಾತಿನಲ್ಲಿ ಅರ್ಧ ನಿಜವಿದೆ. 1890ರ ದಶಕದ ಕೊನೆಯಲ್ಲಿ ಬೆಳಗಾವಿ, ಧಾರವಾಡ ಕಡೆ ಪ್ಲೇಗ್ ಬಂದಾಗ ಜನ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಕೊರೊನಾ ಕೂಡ ಬಯಲಿಗಿಂತ ಮುಚ್ಚಿದ ಕೋಣೆಯಲ್ಲಿ ಜಾಸ್ತಿ ಹರಡುತ್ತದೆ. ಆದರೆ ಬಯಲಲ್ಲಿ ಮಲಗಿದವರೆಲ್ಲ ಬೆಳಿಗ್ಗೆ ಒಂದೇ ಸಾಲಿನ ಸಣ್ಣ ಕೋಣೆಗಳಿಗೆ ಬರಬೇಕಲ್ವಾ? ಅಲ್ಲಿ ಕಿಟಕಿ ಚಿಕ್ಕದು, ಗಾಳಿ ಕಡಿಮೆ, ಎಲ್ಲರ ಕೈಯೂ ಅದೇ ಚಿಲಕದ ಮೇಲೆ. ಹಾಗಾಗಿ ಟೆಂಟಿಗೆ ಹೊಸ ಬಟ್ಟೆ ಹೊಲಿಸುವ ಮೊದಲು ಬಚ್ಚಲಿಗೆ ದುಡ್ಡು, ದುಡಿಮೆ ಹಾಕಿ. ನಾವು ಮಾಡಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ಯಾತ್ರಿ ನಿವಾಸಕ್ಕೂ ಜಾತ್ರೆ ಬಯಲಿಗೂ ಇದೇ ಕ್ರಮ ನಡೆಯುತ್ತದೆ.

ಒಣಗಿದ ಟ್ರ್ಯಾಪಿಗೆ ನೀರು

ಸಂಡಾಸಿನ ಕೆಳಗೆ, ಬಚ್ಚಲಿನ ಜಾಲರಿ ಕೆಳಗೆ ಬಾಗಿದ ಪೈಪ್ ಇರುತ್ತದೆ. ಪ್ಲಂಬರ್‌ಗಳು ಅದಕ್ಕೆ ಟ್ರ್ಯಾಪ್ ಅನ್ನುತ್ತಾರೆ. ಆ ಬಾಗಿನಲ್ಲಿ ನಿಂತ ನೀರೇ ಗಟಾರದ ಗಾಳಿಯನ್ನು ತಡೆಯುವ ಬಾಗಿಲು. ನಮ್ಮ ಬಿಸಿಲಿಗೆ ಆ ನೀರು ಆರಿಹೋಗುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ. ನಮಗೆ ಬಂದ ವಾಸನೆಯೂ ಅದೇ.

ಇದನ್ನು ಬರೀ ವಾಸನೆ ಅಂದುಕೊಳ್ಳಬೇಡಿ. 2003ರಲ್ಲಿ ಸಾರ್ಸ್ ಎಂಬ ಶ್ವಾಸಕೋಶದ ರೋಗ ಬಂದಾಗ ಹಾಂಗ್‌ಕಾಂಗ್‌ನ ಆಮೊಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಅಲ್ಲಿನ ಬಚ್ಚಲುಗಳ ಟ್ರ್ಯಾಪ್ ಒಣಗಿದ್ದವು. ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಗಟಾರದ ಪೈಪಿನಿಂದ ಸೋಂಕಿನ ಹನಿಗಳು ಒಳಗೆ ಎಳೆದುಕೊಂಡು ಬಂದವು ಎಂದು ತನಿಖೆ ಮಾಡಿದವರು ಹೇಳಿದರು.

ಆದ್ದರಿಂದ ಮೊದಲು ಒಂದೊಂದು ಜಾಲರಿಗೂ ಒಂದೊಂದು ಬಕೆಟ್ ನೀರು ನಿಧಾನವಾಗಿ ಸುರಿಯಿರಿ. ಫ್ಯಾನಿನ ಸ್ವಿಚ್ ಮುಟ್ಟುವುದು ಆಮೇಲೆ. ಖಾಲಿ ಇರುವ ಬಚ್ಚಲಿಗೂ ವಾರಕ್ಕೊಮ್ಮೆ ನೀರು ಹಾಕುತ್ತಿರಿ. ನೀರು ಹಾಕಿದ ಮೇಲೂ ವಾಸನೆ ಹೋಗದಿದ್ದರೆ ಪೈಪ್ ಎಲ್ಲೋ ಸೀಳಿರಬಹುದು, ಪ್ಲಂಬರನ್ನು ಕರೆಯಿರಿ.

ನಿಂತ ನೀರನ್ನು ಹೊರಗೆ ಹಾಕಿ

ಈ ಕೆಲಸವನ್ನು ಬಿಟ್ಟುಬಿಡುವವರೇ ಜಾಸ್ತಿ. ಟ್ಯಾಂಕಿನಲ್ಲಿ, ಪೈಪಿನಲ್ಲಿ, ಸೋಲಾರ್ ಹೀಟರಿನಲ್ಲಿ ತಿಂಗಳುಗಟ್ಟಲೆ ನಿಂತ ನೀರಿನಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. 20ರಿಂದ 45 ಡಿಗ್ರಿ ಬಿಸಿ ಇರುವ ನೀರು ಅದಕ್ಕೆ ಹಿತ. ಶವರಿನ ಸಣ್ಣ ಹನಿಗಳ ಜೊತೆ ಉಸಿರಿಗೆ ಹೋದರೆ ನ್ಯುಮೋನಿಯಾ ಬರಬಹುದು. ಕೊರೊನಾದಿಂದ ಕಾಪಾಡಲು ಹೋಗಿ ಇನ್ನೊಂದು ಶ್ವಾಸಕೋಶದ ಕಾಯಿಲೆ ತಂದುಕೊಳ್ಳುವುದು ಬೇಡ.

ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ತಳದ ರಾಡಿ ಉಜ್ಜಿ ತೆಗೆಯಿರಿ. 1000 ಲೀಟರಿನ ಟ್ಯಾಂಕ್ ತುಂಬಿಸಿ. ನೂರಕ್ಕೆ 30ರಷ್ಟು ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರನ್ನು 170 ಗ್ರಾಂ ತೂಗಿಕೊಳ್ಳಿ. ಬಕೆಟ್ ನೀರಿನಲ್ಲಿ ಕರಗಿಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿನೀರನ್ನು ಮಾತ್ರ ಟ್ಯಾಂಕಿಗೆ ಸುರಿಯಿರಿ. ಈಗ ಪ್ರತಿ ನಳ ತೆರೆದು ಕ್ಲೋರಿನ್ ವಾಸನೆ ಬರುವವರೆಗೆ ಬಿಟ್ಟು ಮುಚ್ಚಿ. ಒಂದು ರಾತ್ರಿ, ಅಂದರೆ ಸುಮಾರು 12 ತಾಸು ಹಾಗೇ ಇರಲಿ. ಆ ಹೊತ್ತಿನಲ್ಲಿ ಯಾರೂ ಆ ನೀರು ಬಳಸದಂತೆ ನಳಗಳಿಗೆ ಬಟ್ಟೆ ಕಟ್ಟಿ. ಬೆಳಿಗ್ಗೆ ಎಲ್ಲ ನೀರನ್ನೂ ಹರಿಬಿಡಿ. ಬೆಳೆಗೆ, ದನದ ಬಾನಿಗೆ ಮಾತ್ರ ಹೋಗಕೂಡದು.

ಮತ್ತೆ ತುಂಬಿಸಿದ ನೀರನ್ನು ಕುಡಿಯಲೂ ಕೊಡುವುದಾದರೆ ನಳದ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅದನ್ನು ನೋಡಲು ಸಣ್ಣ ಪರೀಕ್ಷೆ ಕಿಟ್ ಸಿಗುತ್ತದೆ. ಪಂಚಾಯಿತಿಯ ವಾಟರ್‌ಮನ್‌ಗೆ ಒಮ್ಮೆ ಕೇಳಿ ನೋಡಿ.

ಸೋಲಾರ್ ನೀರನ್ನು ಮಧ್ಯಾಹ್ನ ಮೂರರ ಹೊತ್ತಿಗೆ, ಅದು 60 ಡಿಗ್ರಿ ದಾಟಿದಾಗ, ಪ್ರತಿ ಬಿಸಿನೀರಿನ ನಳದಿಂದಲೂ ಹರಿಸಿ. ಕಿಟಕಿ ತೆರೆದಿಟ್ಟು, ಮಾಸ್ಕ್ ಹಾಕಿಕೊಂಡು, ನಿಧಾನವಾಗಿ ಬಿಡಿ. ಕೈ ಸುಟ್ಟುಕೊಳ್ಳಬೇಡಿ. ನಮ್ಮ ಬೋರಿನ ಗಡಸು ನೀರಿಗೆ ಶವರಿನ ತೂತುಗಳಲ್ಲಿ ಬಿಳಿ ಹಕ್ಕಳೆ ಕಟ್ಟಿತ್ತು. ಆ ಹಕ್ಕಳೆಯೂ ಬ್ಯಾಕ್ಟೀರಿಯಾಕ್ಕೆ ಮನೆಯೇ. ನಾವು ಆರೂ ಶವರ್ ಬಿಚ್ಚಿಟ್ಟೆವು. ಬಕೆಟ್ಟು ಮಗ್ಗಿನ ಸ್ನಾನದಲ್ಲಿ ಹನಿ ಅಷ್ಟು ಹಾರುವುದಿಲ್ಲ, ನೀರೂ ಉಳಿಯುತ್ತದೆ. ರೋಗ ಹರಡುತ್ತಿರುವಾಗ ಶವರ್ ಬೇಡ ಎಂಬುದೇ ನನ್ನ ಅಭಿಪ್ರಾಯ.

ಗಾಳಿ ಆಡಲಿ

ನಮ್ಮ ಬಚ್ಚಲಿನ ಬೆಳಕಿಂಡಿಗಳಿಗೆ ಯಾರೋ ಚಳಿ ಅಂತ ಗೋಣಿಚೀಲ ತುರುಕಿದ್ದರು. ತೆಗೆದು ಸೊಳ್ಳೆ ಜಾಲರಿ ಹೊಡೆದೆವು. ಬಾಗಿಲಿನ ಕೆಳಗೆ ನಾಲ್ಕು ಬೆರಳು ಸಂದು ಬಿಡಿಸಿದೆವು. ಕೆಳಗಿನಿಂದ ಗಾಳಿ ಬಾರದಿದ್ದರೆ ಮೇಲಿನ ಫ್ಯಾನ್ ಸುಮ್ನೆ ತಿರುಗುತ್ತದೆ ಅಷ್ಟೇ.

ಪರೀಕ್ಷೆ ಬಹಳ ಸುಲಭ. ಒಂದು ಊದಿನಕಡ್ಡಿ ಹಚ್ಚಿ ಬಾಗಿಲ ಸಂದಿನಲ್ಲಿ ಹಿಡಿಯಿರಿ. ಹೊಗೆ ಒಳಗೆ ಎಳೆದುಕೊಂಡು ಬೆಳಕಿಂಡಿಯಿಂದ ಹೊರಗೆ ಹೋದರೆ ಸರಿ. ಅಲ್ಲೇ ಸುತ್ತುತ್ತಿದ್ದರೆ ಕಿಂಡಿ ದೊಡ್ಡದಾಗಬೇಕು. ಒಬ್ಬರು ಹೊರಗೆ ಬಂದ ಮೇಲೆ ಬಾಗಿಲು ತೆರೆದೇ ಇರಲಿ, ಐದಾರು ನಿಮಿಷ ಬಿಟ್ಟು ಮುಂದಿನವರು ಹೋಗಲಿ. ಕಮೋಡ್ ಇದ್ದರೆ ಮುಚ್ಚಳ ಹಾಕಿ ಫ್ಲಶ್ ಮಾಡಬೇಕು ಎಂದು ಬಾಗಿಲ ಒಳಗೆ ಬರೆದು ಅಂಟಿಸಿ.

ಹಲ್ಲುಜ್ಜುವ, ಮುಖ ತೊಳೆಯುವ ಬೇಸಿನ್ ಬಚ್ಚಲ ಒಳಗೆ ಯಾಕೆ ಬೇಕು? ಬಾಯಿ ಮುಕ್ಕಳಿಸುವಾಗ ಮಾಸ್ಕ್ ಇರುವುದಿಲ್ಲ, ಉಗುಳು ಹಾರುತ್ತದೆ. ನಾವು ಬೇವಿನ ಮರದ ಕೆಳಗೆ ನಾಲ್ಕು ನಳಗಳನ್ನು ಆರಾರು ಅಡಿ ದೂರದಲ್ಲಿ ಹಾಕಿಸಿದೆವು. ಪಾತ್ರೆ ತೊಳೆಯುವ ಕಟ್ಟೆಯೂ ಬಟ್ಟೆ ಒಗೆಯುವ ಕಲ್ಲೂ ಬಯಲಲ್ಲೇ ಇವೆ. ಅಲ್ಲಿ ಸಾಬೂನು ಸಾಕಷ್ಟಿರಲಿ, ಉಜ್ಜುವ ನಾರು ಅವರವರದೇ ಇರಲಿ.

ಒರೆಸುವುದು, ತೊಳೆಯುವುದು

ಕೊರೊನಾ ವೈರಸ್ಸಿನ ಹೊರ ಪದರ ಕೊಬ್ಬಿನದು. ಸಾಬೂನು ಅದನ್ನು ಒಡೆಯುತ್ತದೆ. ಆದ್ದರಿಂದ ಮೊದಲು ಸಾಬೂನು ನೀರಿನಿಂದ ಕೊಳೆ ತೆಗೆದು, ಆಮೇಲೆ ಬ್ಲೀಚಿಂಗ್ ನೀರು ಹಾಕಿ. ಕೊಳೆಯ ಮೇಲೆ ಬ್ಲೀಚಿಂಗ್ ಹಾಕಿದರೆ ಅದರ ಬಲ ಕೊಳೆಗೇ ಮುಗಿಯುತ್ತದೆ.

10 ಲೀಟರ್ ನೀರಿಗೆ ಅದೇ ಬ್ಲೀಚಿಂಗ್ ಪೌಡರ್ 330 ಗ್ರಾಂ ಹಾಕಿದರೆ ನೂರಕ್ಕೆ 1ರಷ್ಟು ಕ್ಲೋರಿನ್ ಇರುವ ದ್ರಾವಣ. ಇದು ಸಂಡಾಸಿಗೆ, ನೆಲಕ್ಕೆ. ಅದೇ 10 ಲೀಟರಿಗೆ 33 ಗ್ರಾಂ ಹಾಕಿದರೆ ನೂರಕ್ಕೆ 0.1ರ ದ್ರಾವಣ. ಇದು ಚಿಲಕ, ನಳ, ಸ್ವಿಚ್‌ಬೋರ್ಡಿನ ಹೊರಗೆ ಬಟ್ಟೆಯಲ್ಲಿ ಅದ್ದಿ ಒರೆಸಲು. ಸ್ವಿಚ್ ಒರೆಸುವಾಗ ಮೇನ್ ಆಫ್ ಮಾಡಿ, ಬಟ್ಟೆಯನ್ನು ಚೆನ್ನಾಗಿ ಹಿಂಡಿಕೊಳ್ಳಿ. ಹತ್ತು ನಿಮಿಷ ಬಿಟ್ಟು ತಿಳಿನೀರಿನಿಂದ ಒರೆಸಿ, ಇಲ್ಲದಿದ್ದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ದ್ರಾವಣವನ್ನು ಅವತ್ತವತ್ತೇ ಕಲಸಿ. ಬಾಯಿ ಬಿಚ್ಚಿಟ್ಟ ಚೀಲದ ಪೌಡರ್ ಬಲ ಕಳೆದುಕೊಂಡಿರುತ್ತದೆ.

ಬ್ಲೀಚಿಂಗ್ ಜೊತೆ ಸಂಡಾಸಿನ ಆಸಿಡ್ ಸೇರಿಸಲೇಬೇಡಿ. ವಿಷದ ಕ್ಲೋರಿನ್ ಗಾಳಿ ಏಳುತ್ತದೆ. ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿಡಿ. ಬಂದವರ ಮೈಮೇಲೆ ಔಷಧ ಸಿಂಪಡಿಸುವುದೂ ಬೇಡ. ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲೇ ಅದು ಬೇಡ ಎಂದಿದೆ. ಕಣ್ಣು, ಚರ್ಮ ಉರಿಯುತ್ತದೆ, ಮೈಯೊಳಗಿನ ವೈರಸ್ಸಿಗೆ ಏನೂ ಆಗುವುದಿಲ್ಲ.

ತೊಳೆಯುವವರ ಬಗ್ಗೆ ಹೇಳಲೇಬೇಕು. ಇಡೀ ಜಾಗದಲ್ಲಿ ಎಲ್ಲರಿಗಿಂತ ಜಾಸ್ತಿ ಹೊತ್ತು ಆ ಕೋಣೆಗಳಲ್ಲಿ ಇರುವವರು ಅವರು. ಗಟ್ಟಿ ಕೈಗವಸು, ಬೂಟು, ಮಾಸ್ಕ್ ನೀವೇ ಕೊಡಿ. ಬಾಗಿಲು ಕಿಟಕಿ ತೆರೆದು ಅರ್ಧ ತಾಸು ಆದ ಮೇಲೆ ಅವರು ಒಳಗೆ ಹೋಗಲಿ. ಜ್ವರ ಬಂದರೆ ಕೂಲಿ ಕಡಿಯದೆ ರಜೆ ಕೊಡಿ. ಕೂಲಿ ಹೋಗುತ್ತದೆ ಎಂಬ ಭಯಕ್ಕೆ ಯಾರೂ ಕೆಮ್ಮು ಮುಚ್ಚಿಟ್ಟು ಕೆಲಸಕ್ಕೆ ಬರುವಂತಾಗಬಾರದು.

ಪಾಳಿ ಮತ್ತು ಡೇರೆ

ಬೆಳಿಗ್ಗೆ ಆರರಿಂದ ಎಂಟರ ನೂಕುನುಗ್ಗಲು ತಪ್ಪಿಸಲು ನಾವು ಎರಡು ಟೆಂಟಿಗೆ ಒಂದು ಬಚ್ಚಲು ಅಂತ ಹಂಚಿದೆವು. ಬಾಗಿಲಿಗೂ ಟೆಂಟಿಗೂ ಒಂದೇ ಬಣ್ಣ ಬಳಿದೆವು. ಓದಲು ಬಾರದ ಅಜ್ಜಿಗೂ ಗೊತ್ತಾಗುತ್ತದೆ. ಹೀಗೆ ಮಾಡಿದರೆ ಒಬ್ಬರಿಗೆ ಸೋಂಕು ಬಂದರೂ ಅದೇ ಬಚ್ಚಲು ಬಳಸಿದವರು ಯಾರು ಎಂದು ಹೇಳಬಹುದು. ಜಾತ್ರೆ ಬಯಲಿನಲ್ಲಿ ಹೀಗೆ ಹಂಚಲು ಆಗುವುದಿಲ್ಲ. ಅಲ್ಲಿ ಮೇಲೆ ಮುಚ್ಚದ ತಾತ್ಕಾಲಿಕ ತಟ್ಟಿ ಬಚ್ಚಲುಗಳನ್ನೇ ಜಾಸ್ತಿ ಕಟ್ಟಿಸಿ. ಪಾಳಿ ಹೊರಗೆ ನಿಲ್ಲಲಿ, ಮಾಸ್ಕ್ ಇರಲಿ.

ಟೆಂಟಿನ ಕೆಲಸ ಕಡಿಮೆ. ಹತ್ತು ಅಡಿ ಅಂತರ ಬಿಡಿ, ಒಂದು ಟೆಂಟಿನಲ್ಲಿ ಒಂದೇ ಮನೆಯವರು ಮಲಗಲಿ. ಒಬ್ಬರು ಬಿಟ್ಟ ಮೇಲೆ ದಿನವಿಡೀ ಬಾಯಿ ತೆರೆದು ಬಿಸಿಲಿಗೆ ಬಿಡಿ. ಕೌದಿ ಒಂದು ತೊಡಕು, ದಿನಾ ಒಗೆದರೆ ಒಣಗುವುದಿಲ್ಲ. ಹೊದಿಕೆ ನೀವೇ ತನ್ನಿ ಎಂದು ಫೋನಿನಲ್ಲೇ ಹೇಳಿಬಿಡುತ್ತೇವೆ.

ಬಂದವರ ಹೆಸರು, ಫೋನ್ ನಂಬರ್ ಬರೆದಿಡಿ. ಯಾರಿಗಾದರೂ ಜ್ವರ, ಕೆಮ್ಮು ಬಂದರೆ ಅವರಿಗೆ ಒಂದು ಬಚ್ಚಲು, ಒಂದು ಸಂಡಾಸು ಪೂರ್ತಿ ಬಿಟ್ಟುಕೊಟ್ಟು 104ಕ್ಕೆ ಫೋನ್ ಮಾಡಿ. ಉಸಿರಾಟಕ್ಕೆ ಕಷ್ಟವಾದರೆ ಕಾಯದೆ 108ಕ್ಕೆ ಮಾಡಿ.

ಮೊದಲ ರಾತ್ರಿ ನೀವೇ ಮಲಗಿ

ಗಿರಾಕಿಗಳನ್ನು ಕರೆಯುವ ಮುಂಚೆ ಮನೆಮಂದಿಯೇ ಒಂದು ರಾತ್ರಿ ಟೆಂಟಿನಲ್ಲಿ ಮಲಗಿ, ಬೆಳಿಗ್ಗೆ ಪಾಳಿಯಲ್ಲಿ ನಿಂತು ಸ್ನಾನ ಮಾಡಿ. ನಾವು ಹದಿಮೂರು ಜನ ಮಲಗಿದ್ದೆವು. ಮೂರನೇ ಬಚ್ಚಲಿನ ಚಿಲಕ ಒಳಗಿನಿಂದ ಸಿಕ್ಕಿಕೊಂಡಿತು. ಬೇವಿನ ಮರದ ಕೆಳಗೆ ಸಾಬೂನು ಏಳು ಗಂಟೆಗೇ ಮುಗಿಯಿತು. ರಾತ್ರಿ ಕೈ ತೊಳೆಯುವಲ್ಲಿ ಲೈಟೇ ಇಲ್ಲ ಎಂದು ಕಾಕು ಹೇಳಿದ ಮೇಲೆ ಗೊತ್ತಾಯಿತು. ಕಾಕಾ ಅವತ್ತೇ ಬಾದಾಮಿ ಪೇಟೆಗೆ ಹೋಗಿ ಒಂದು ಬಲ್ಬು, ಒಂದು ಚಿಲಕ, ಎರಡು ಡಜನ್ ಸಾಬೂನು ತಂದರು.