ಪೈ ಕಪ್ಪಾ ಡೆಲ್ಟಾದ ಚರಿತ್ರೆಯನ್ನು ನಾನು ಬರೆದ ಬಗೆ

ಅಮೆರಿಕದ ಕಾನ್ಸಾಸ್ ರಾಜ್ಯದ ಸಣ್ಣ ಕಾಲೇಜೊಂದರಲ್ಲಿ ಚರ್ಚಾಪಟುಗಳಿಗೆ ತರಬೇತಿ ಕೊಡುವ ನನಗೆ, ಪೈ ಕಪ್ಪಾ ಡೆಲ್ಟಾ ಎಂಬ ವಾಗ್ಮಿಗಳ ಸಂಘವನ್ನು ಹೊಸದಾಗಿ ಸೇರುವ ವಿದ್ಯಾರ್ಥಿಗಳಿಗಾಗಿ ಅದರ ಕಿರುಚರಿತ್ರೆಯೊಂದನ್ನು ಸಿದ್ಧಪಡಿಸುವ ಕೆಲಸ ಒದಗಿಬಂತು. ಸಾಮಗ್ರಿಗೆ ಕೊರತೆಯಿರಲಿಲ್ಲ. ಸಂಘದ ಪತ್ರಿಕೆಯಾದ 'ದಿ ಫೊರೆನ್ಸಿಕ್' 1915ರಿಂದ ಪ್ರಕಟವಾಗುತ್ತಿದೆ. ಕಾಲೇಜುಗಳ ಹಳೆಯ ವಾರ್ಷಿಕ ಸಂಚಿಕೆಗಳೂ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಎಲ್ಲಿಂದ ಆರಂಭಿಸಬೇಕು ಎಂಬುದೇ ನನ್ನ ಮೊದಲ ಪ್ರಶ್ನೆಯಾಗಿತ್ತು.

ಸಂಘ ಹುಟ್ಟಿದ್ದು 1913ರಲ್ಲಿ. ಆದರೂ ನಾನು 1906ರಿಂದ ಬರೆಯತೊಡಗಿದೆ. ಆ ವರ್ಷ ಶಿಕಾಗೋದಲ್ಲಿ ಡೆಲ್ಟಾ ಸಿಗ್ಮಾ ರೋ, 1908ರಲ್ಲಿ ಇಂಡಿಯಾನಾದಲ್ಲಿ ಟೌ ಕಪ್ಪಾ ಆಲ್ಫಾ ಎಂಬ ಇಂಥವೇ ವಾಗ್ಮಿಗಳ ಸಂಘಗಳು ಸ್ಥಾಪನೆಯಾಗಿದ್ದವು. ಇವುಗಳ ಬಾಗಿಲು ಹೆಚ್ಚಾಗಿ ದೊಡ್ಡ ವಿಶ್ವವಿದ್ಯಾಲಯಗಳಿಗೆ ತೆರೆದಿತ್ತೇ ಹೊರತು, ಮಧ್ಯಪಶ್ಚಿಮದ ಚಿಕ್ಕ ಕಾಲೇಜುಗಳ ವಿದ್ಯಾರ್ಥಿಗಳು ಎಷ್ಟೇ ಚೆನ್ನಾಗಿ ವಾದಿಸಿದರೂ ಅವರಿಗೆ ಅಲ್ಲಿ ಸ್ಥಾನ ಸಿಗುವುದು ಕಷ್ಟವಾಗಿತ್ತು. ಈ ಹಿನ್ನೆಲೆಯಿಲ್ಲದೆ, ಹಿಂದೆ ಕಾನ್ಸಾಸ್‌ನ ಒಟ್ಟಾವ ವಿಶ್ವವಿದ್ಯಾಲಯದಲ್ಲಿದ್ದು ಆಗ ವಿಸ್ಕಾನ್ಸಿನ್‌ನ ರಿಪನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎಗ್ಬರ್ಟ್ ನಿಕಲ್ಸ್ ಮತ್ತು ಒಟ್ಟಾವದ ವಿದ್ಯಾರ್ಥಿ ಜಾನ್ ಶೀಲ್ಡ್ಸ್ ಮೊದಲಾದವರು ಮೂರನೆಯ ಸಂಘವೊಂದನ್ನು ಕಟ್ಟಲು ಮುಂದಾದದ್ದು ಏಕೆಂದು ಓದುಗರಿಗೆ ಅರ್ಥವಾಗುವುದಿಲ್ಲ.

ಸಂಘದ ಒಳರಚನೆಯ ಬಗ್ಗೆ ಒಂದು ಪುಟವಷ್ಟೇ ಬರೆದೆ. ಭಾಷಣ, ಚರ್ಚೆ, ಬೋಧನೆ ಎಂಬ ವಿಭಾಗಗಳು, ಸ್ಪರ್ಧೆಗಳಲ್ಲಿ ಗಳಿಸಿದ ಅನುಭವಕ್ಕೆ ತಕ್ಕಂತೆ ಏರುವ ದರ್ಜೆಗಳು, ಅದನ್ನು ಸೂಚಿಸುವ ಹರಳು ಕೂರಿಸಿದ ಪದಕ ಇವೆಲ್ಲ ವಿದ್ಯಾರ್ಥಿಗಳಿಗೆ ಹೇಗೂ ತಿಳಿದೇ ಇರುತ್ತವೆ.

ಹೆಚ್ಚು ಸಮಯ ಹಿಡಿದದ್ದು 1920ರ ದಶಕ. ಅದಕ್ಕೆ ಮುಂಚೆ ಎರಡು ಕಾಲೇಜುಗಳು ಪತ್ರ ಬರೆದು ಒಪ್ಪಂದ ಮಾಡಿಕೊಂಡು, ಒಂದು ತಂಡ ರೈಲಿನಲ್ಲಿ ಇನ್ನೊಂದರ ಊರಿಗೆ ಹೋಗಿ, ತುಂಬಿದ ಸಭೆಯ ಮುಂದೆ ಒಂದೇ ಒಂದು ಚರ್ಚೆ ನಡೆಸಿ ಬರುವುದು ವಾಡಿಕೆಯಾಗಿತ್ತು. 1923ರಲ್ಲಿ ಕಾನ್ಸಾಸ್‌ನದೇ ವಿನ್‌ಫೀಲ್ಡ್‌ನ ಸೌತ್‌ವೆಸ್ಟರ್ನ್ ಕಾಲೇಜು ಹಲವು ತಂಡಗಳನ್ನು ಒಂದೆಡೆ ಸೇರಿಸಿ, ಸುತ್ತಿನ ಮೇಲೆ ಸುತ್ತು ಚರ್ಚೆಗಳನ್ನು ಏರ್ಪಡಿಸಿತು. ಒಂದೇ ಪ್ರಯಾಣದ ಖರ್ಚಿನಲ್ಲಿ ಅನೇಕ ಚರ್ಚೆಗಳು ಸಾಧ್ಯವಾದುದರಿಂದ ಈ ಪದ್ಧತಿ ಚಿಕ್ಕ ಕಾಲೇಜುಗಳಿಗೆ, ಅದರಲ್ಲೂ 1930ರ ದಶಕದ ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿ, ವರದಾನವಾಯಿತು. ಆದರೆ ಊರಿನ ಜನ ಸಭಾಂಗಣದಿಂದ ಮರೆಯಾದರು; ಖಾಲಿ ತರಗತಿಯಲ್ಲಿ ತೀರ್ಪುಗಾರರೊಬ್ಬರ ಮುಂದೆ ವಾದಿಸುವುದು ರೂಢಿಯಾಯಿತು. ಕರ್ನಾಟಕದಲ್ಲಿ ಓದುವಾಗ ಪರ್ಯಾಯ ಪಾರಿತೋಷಕಕ್ಕಾಗಿ ಇಡೀ ಕಾಲೇಜಿನ ಎದುರು ಮಾತನಾಡಿದ ನನಗೆ ಇದು ಲಾಭವಷ್ಟೇ ಅಲ್ಲ, ನಷ್ಟವೂ ಹೌದೆಂದು ತೋರುತ್ತದೆ. ಹಾಗೆಂದೇ ಬರೆದಿದ್ದೇನೆ.

ಸಂಘದ ಪತ್ರಿಕೆಯೊಂದನ್ನೇ ಆಧಾರವಾಗಿ ಹಿಡಿಯಬಾರದೆಂದು ಮೊದಲೇ ನಿರ್ಧರಿಸಿದ್ದೆ. ಅದು ಸದಸ್ಯ ಕಾಲೇಜುಗಳ ಪತ್ರಿಕೆ; ಹೊರಗಿಟ್ಟವರ ಕಥೆಯನ್ನು ಹೊರಗೇ ಹುಡುಕಬೇಕು. ಹಾಗೆ ಹುಡುಕಿದಾಗ ಟೆಕ್ಸಸ್‌ನ ಮಾರ್ಷಲ್ ಪಟ್ಟಣದ ವೈಲಿ ಕಾಲೇಜು ಎದುರಾಗುತ್ತದೆ. ಕವಿ ಮೆಲ್ವಿನ್ ಟಾಲ್ಸನ್ ಅವರು ತರಬೇತಿ ಕೊಟ್ಟ ಆ ಕಪ್ಪು ವಿದ್ಯಾರ್ಥಿಗಳ ತಂಡ 1935ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವನ್ನು ಮಣಿಸಿತು. ಆದರೆ ಚರ್ಚಾ ಸಂಘಗಳು ಕಪ್ಪು ಜನರನ್ನು ಸೇರಿಸಿಕೊಳ್ಳದ ಕಾಲ ಅದು. ಹೀಗಾಗಿ ಆ ಗೆಲುವಿಗೆ ಅಧಿಕೃತ ಮನ್ನಣೆ ದೊರೆಯಲಿಲ್ಲ. ಪೈ ಕಪ್ಪಾ ಡೆಲ್ಟಾದ ಬಾಗಿಲು ಅವರಿಗೆ ತೆರೆದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ದೊಡ್ಡವರು ಸೇರಿಸಿಕೊಳ್ಳಲಿಲ್ಲವೆಂದು ಹುಟ್ಟಿದ ಸಂಘವೇ ಹೀಗೆ ನಡೆದುಕೊಂಡಿತೆಂಬುದನ್ನು ಅಡಿಟಿಪ್ಪಣಿಗೆ ತಳ್ಳಲು ನನಗೆ ಮನಸ್ಸಾಗಲಿಲ್ಲ. ವಿನ್‌ಫೀಲ್ಡ್ ಮತ್ತು ವೈಲಿ ಎರಡನ್ನೂ ಒಂದೇ ಅಧ್ಯಾಯದಲ್ಲಿ, ಬೆನ್ನುಬೆನ್ನಿಗೆ ಇಟ್ಟೆ.

ಡೆಲ್ಟಾ ಸಿಗ್ಮಾ ರೋ ಮತ್ತು ಟೌ ಕಪ್ಪಾ ಆಲ್ಫಾ ಎಂಬ ಹಳೆಯ ಆ ಎರಡು ಸಂಘಗಳು 1963ರಲ್ಲಿ ಒಂದಾದ ವಿಷಯವನ್ನು ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸಿದೆ. ಅವುಗಳ ಚರಿತ್ರೆಯನ್ನು ಅವುಗಳ ಸದಸ್ಯರೇ ಬರೆಯಲಿ.