ಹೊಸೂರಲ್ಲಿ ಕೂಲೆಂಟ್ ಮಾರ್ತಾ ಎಐ ಹಿಡ್ಕೊಂಡ ಕಥೆ

ಹೊಸೂರು ಸಿಪ್ಕಾಟಲ್ಲಿ, ಅಂದ್ರೆ ತಮಿಳುನಾಡು ಸರ್ಕಾರದ ಕೈಗಾರಿಕಾ ಪ್ರದೇಶದಲ್ಲಿ, ಕಟಿಂಗ್ ಆಯಿಲು, ಕೂಲೆಂಟು ಮಾರೋದು ನನ್ನ ಕೆಲಸ, ಹನ್ನೊಂದು ವರ್ಷ ಆಯ್ತು. ಸಿಎನ್‌ಸಿ ಮಷಿನ್ ಒಳಗೆ, ಲೋಹ ಕತ್ತರಿಸೋವಾಗ ಬಿಸಿ ಏರದಂಗೆ, ಹಾಲಿನ ಥರ ಬೆಳ್ಳಗೆ ಸುರೀತಾ ಇರುತ್ತಲ್ಲ, ಅದೇ. ಹೊಸೂರು ಅಂದ್ರೆ ಟಿವಿಎಸ್ಸು, ಲೇಲ್ಯಾಂಡು, ಟೈಟಾನು ಅಂತ ಎಲ್ರೂ ಹೇಳ್ತಾರೆ, ಆದ್ರೆ ನನ್ನ ಮನೆ ನಡೆಸೋದು ದೊಡ್ಡೋರಿಗೆ ಪಾರ್ಟ್ಸ್ ಮಾಡಿಕೊಡೋ ಸಣ್ಣಪುಟ್ಟ ಶೆಡ್‌ಗಳು. ಗೇಟಲ್ಲಿ ತಮಿಳು, ಪರ್ಚೇಸಲ್ಲಿ ತೆಲುಗು ಇಲ್ಲಾ ಇಂಗ್ಲಿಷು, ಮಷಿನ್ ಹತ್ರ ಹಳೇ ಆಪರೇಟರ್ ಆದ್ರೆ ಕನ್ನಡ, ಹೊಸಬ ಆದ್ರೆ ಹಿಂದಿ, ಹಿಂಗೆ ದಿನಾ ನಾಲ್ಕು ಬಾಯಿ ಇಟ್ಕೊಂಡು ತಿರುಗ್ಬೇಕು.

ಗಿರಾಕಿ ಕಂಪನಿ ಬಗ್ಗೆ ಮೊದಲೇ ತಿಳ್ಕೊಳ್ಳೋದಕ್ಕೆ ಅಕೌಂಟ್ ರಿಸರ್ಚ್ ಅನ್ನೋ ಹೆಸರು ಈಚೆಗೆ ಕೇಳಿದ್ದು. ನಮಗೆ ಅದು ಗೇಟಿನ ಎದುರುಗಡೆ ಟೀ ಅಂಗಡೀಲಿ ಆಗ್ತಿತ್ತು. ಸ್ಕ್ರ್ಯಾಪ್ ಲಾರಿ ಹೊರಗೆ ಬರೋವಾಗ ಟಾರ್ಪಾಲ್ ಸಂದೀಲಿ ನೋಡಿದ್ರೆ ಸಾಕು, ಕರೀ ಪುಡಿ ಇದ್ರೆ ಒಳಗೆ ಕಾಸ್ಟ್ ಐರನ್ ನಡೀತಿದೆ, ಬೆಳ್ಳಗೆ ಹೊಳೆಯೋ ಚೂರು ಇದ್ರೆ ಅಲ್ಯೂಮಿನಿಯಂ. ಟೀ ಅಂಗಡಿ ಅಣ್ಣ "ಮೂರನೇ ಶಿಫ್ಟ್ ನಿಲ್ಸವ್ರೆ, ರಾತ್ರಿ ಟೀ ಹೋಗ್ತಿಲ್ಲ" ಅಂದ್ರೆ ಆರ್ಡರ್ ಕಮ್ಮಿ ಆಗಿದೆ ಅಂತ ಲೆಕ್ಕ. ಈಗ್ಲೂ ಇದಕ್ಕಿಂತ ನಂಬಿಕೆ ಇರೋ ಮಾಹಿತಿ ನಂಗೆ ಎಲ್ಲೂ ಸಿಕ್ಕಿಲ್ಲ.

ಕಳೆದ ವರ್ಷ ಯುಗಾದಿ ಆದ್ಮೇಲೆ ಬಾಸು ನಲವತ್ತು ಕಂಪನಿ ಲಿಸ್ಟ್ ಕೈಗಿಟ್ಟು ಎರಡು ವಾರದಲ್ಲಿ ಒಂದೊಂದರದ್ದೂ ಒಂದೊಂದು ಪೇಜ್ ಬೇಕು, ಎಐ ಉಪಯೋಗಿಸ್ಕೋ ಅಂದ್ರು. ನಲವತ್ತು ಟೀ ಅಂಗಡಿ ಎರಡು ವಾರದಲ್ಲಿ ಆಗೋ ಮಾತಲ್ಲ, ಅದಕ್ಕೇ ಒಪ್ಕೊಂಡೆ.

ಮೊದಲ ದಿನ ಎಲ್ರೂ ಮಾಡೋದೇ ಮಾಡ್ದೆ, ಕಂಪನಿ ಹೆಸರು ಹಾಕಿ ಇದರ ಬಗ್ಗೆ ಹೇಳು ಅಂದೆ. ಗುಣಮಟ್ಟಕ್ಕೆ ಬದ್ಧರು, ಗ್ರಾಹಕರೇ ದೇವರು, ಅವರ ವೆಬ್‌ಸೈಟಲ್ಲಿ ಇರೋದೇ ಉದ್ದುದ್ದ ಮಾಡಿ ಕೊಡ್ತು. ಕನ್ನಡದಲ್ಲಿ ಕೇಳಿದ್ದಕ್ಕೆ ಕೂಲೆಂಟಿಗೆ "ಶೀತಕ ದ್ರವ" ಅಂತ ಬರೀತು, ಈ ಹನ್ನೊಂದು ವರ್ಷದಲ್ಲಿ ಒಬ್ಬ ಆಪರೇಟರ್ ಬಾಯಲ್ಲೂ ಕೇಳದ ಪದ. ಮಷಿನ್ ಮಾತೆಲ್ಲ ಹಂಗೇ ಬಿಡು, ಉಳಿದಿದ್ದು ಆಡೋ ಕನ್ನಡದಲ್ಲಿ ಹೇಳು ಅಂದ್ಮೇಲೆ ಸರಿ ಹೋಯ್ತು.

ಎರಡನೇ ವಾರ ಮಾನ ಹೋಯ್ತು. ಒಂದು ಕಂಪನಿ ಬಗ್ಗೆ ಕೇಳಿದ್ದಕ್ಕೆ ಹೊಸ ಪ್ಲಾಂಟ್ ಹಾಕ್ತಿದ್ದಾರೆ, ಮಷಿನಿಂಗ್ ಲೈನ್ ಬರ್ತಿದೆ ಅಂತ ಚೆನ್ನಾಗಿ ಬರೆದುಕೊಡ್ತು. ನಾನು ಖುಷೀಲಿ ಹೋಗಿ ಪ್ಲಾಂಟ್ ಹೆಡ್‌ಗೆ ಕಂಗ್ರಾಟ್ಸ್ ಸಾರ್, ಹೊಸ ಪ್ಲಾಂಟ್ ಅಂತೆ ಅಂದೆ. ಆ ಮನುಷ್ಯ ಕನ್ನಡಕ ಕೆಳಗಿಳಿಸಿ ನೋಡಿ, "ಅದು ಕೊಯಮತ್ತೂರಿನೋರು ಸಾರ್, ಹೆಸರು ಒಂದೇ, ನಮಗೂ ಅವರಿಗೂ ಸಂಬಂಧ ಇಲ್ಲ. ನಮ್ದು ಇಲ್ಲಿ ಶೆಡ್ ಬಾಡಿಗೆ ಕಟ್ಟೋದೇ ಕಷ್ಟ" ಅಂದ್ರು. ಟೀ ಕೂಡ ಬರಲಿಲ್ಲ.

ಆವತ್ತಿಂದ ಹೆಸರು ಹಾಕಿ ಹುಡುಕೋದು ಬಿಟ್ಟೆ. ಹಳೇ ಪಿಓನೋ (ಗಿರಾಕಿ ಕೊಡೋ ಆರ್ಡರ್ ಪತ್ರ) ಇನ್‌ವಾಯ್ಸೋ ತೆಗೆದು ಜಿಎಸ್‌ಟಿ ನಂಬರ್ ನೋಡ್ಕೊಳ್ತೀನಿ. ಹದಿನೈದು ಅಕ್ಷರದಲ್ಲಿ ಮೊದಲ ಎರಡು ರಾಜ್ಯದ್ದು, ತಮಿಳುನಾಡಿಗೆ 33, ಕರ್ನಾಟಕಕ್ಕೆ 29, ಆಮೇಲಿನ ಹತ್ತು ಅಕ್ಷರ ಆ ಕಂಪನಿ ಪ್ಯಾನ್. ಜಿಎಸ್‌ಟಿ ಪೋರ್ಟಲಲ್ಲಿ ಪ್ಯಾನ್ ಹಾಕಿ ಹುಡುಕಿದ್ರೆ ಅದೇ ಕಂಪನಿ ಯಾವ್ಯಾವ ರಾಜ್ಯದಲ್ಲಿ ನೋಂದಣಿ ಮಾಡಿಸಿದೆ ಅಂತ ಅಷ್ಟೂ ಬರುತ್ತೆ. ಈ ಕೆಲಸ ಎಐ ಕೈಲಿ ಮಾಡಿಸೋಕೆ ಹೋಗ್ಬೇಡಿ, ಅಲ್ಲಿ ಕ್ಯಾಪ್ಚಾ ಇದೆ, ನಾವೇ ಎರಡು ನಿಮಿಷದಲ್ಲಿ ಮಾಡೋದು. ಆಮೇಲೆ ಲೀಗಲ್ ಹೆಸರು, ವಿಳಾಸ ಎರಡೂ ಎಐಗೆ ಕೊಟ್ಟು, ಈ ವಿಳಾಸಕ್ಕೆ ಹೊಂದದೇ ಇರೋದು ಯಾವುದೂ ಬೇಡ ಅಂತ ಹೇಳ್ತೀನಿ. ಸಿಐಎನ್, ಅಂದ್ರೆ ಕಂಪನಿ ನೋಂದಣಿ ನಂಬರ್ ಸಿಕ್ರೆ ಇನ್ನೂ ಒಳ್ಳೇದು, ಎಲ್ ಇಂದ ಶುರುವಾದ್ರೆ ಲಿಸ್ಟೆಡ್, ಶೇರು ಮಾರ್ಕೆಟ್ಟಲ್ಲಿ ಇರೋದು, ಆನ್ಯುಯಲ್ ರಿಪೋರ್ಟೇ ಸಿಗುತ್ತೆ. ಯು ಇಂದ ಶುರುವಾದ್ರೆ ಅಲ್ಲ. ನನ್ನ ನಲವತ್ತರಲ್ಲಿ ಮೂವತ್ತಾರು ಯು.

ಯು ಕಂಪನಿಗಳದ್ದು ಏನೂ ಸಿಗಲ್ಲ ಅಂದ್ಕೊಂಡಿದ್ದೆ, ಅದು ತಪ್ಪು. ಬ್ಯಾಂಕ್ ಸಾಲಕ್ಕೆ ರೇಟಿಂಗ್ ಮಾಡಿಸಿದ್ರೆ ಕ್ರಿಸಿಲ್, ಇಕ್ರಾ, ಕೇರ್ ಥರದ ರೇಟಿಂಗ್ ಕಂಪನಿಯೋರು ಅದರ ಕಾರಣ ಬರೆದು ವೆಬ್‌ಸೈಟಲ್ಲಿ ಹಾಕ್ತಾರೆ, ದುಡ್ಡು ಕೊಡೋ ಹಂಗಿಲ್ಲ. ಎಷ್ಟು ವಹಿವಾಟು, ದೊಡ್ಡ ಗಿರಾಕಿ ಯಾರು, ಹೊಸ ಮಷಿನಿಗೆ ಸಾಲ ತಗೊಂಡಿದ್ದಾರಾ, ಕೈಯಲ್ಲಿ ದುಡ್ಡು ಬಿಗಿ ಇದ್ಯಾ, ನಮ್ಮಂಥೋರಿಗೆ ಬೇಕಾಗಿದ್ದೇ ಇದು, ಯಾಕಂದ್ರೆ ಮೂವತ್ತು ದಿನ ಅಂತ ಹೇಳಿ ನೂರ ಇಪ್ಪತ್ತು ದಿನ ಓಡಾಡ್ಸೋರು ಯಾರು ಅಂತ ಮೊದಲೇ ವಾಸನೆ ಬರುತ್ತೆ. ಇಂಗ್ಲಿಷಲ್ಲಿ ನಾಲ್ಕೈದು ಪೇಜ್ ಇರುತ್ತೆ, ಅದನ್ನ ಓದಿ ಅರ್ಧ ಪೇಜಿಗೆ ಇಳಿಸೋದ್ರಲ್ಲಿ ಎಐ ನಿಜವಾಗ್ಲೂ ಹುಲಿ. "ಇಶ್ಯೂಯರ್ ನಾಟ್ ಕೋಆಪರೇಟಿಂಗ್" ಅಂತ ಮೇಲೆ ಇದ್ರೆ ಮಾತ್ರ ಹುಷಾರು, ಕಂಪನಿ ಲೆಕ್ಕ ಕೊಟ್ಟಿಲ್ಲ, ಒಳಗಿರೋದು ಹಳೇದು ಅಂತ ಅರ್ಥ.

ಈಗ ನಾನು ಕೇಳೋದು ಹೆಚ್ಚೂಕಮ್ಮಿ ಹಿಂಗೆ, ವೆಬ್ ಸರ್ಚ್ ಆನ್ ಮಾಡ್ಕೊಂಡು: "ನಾನು ಹೊಸೂರಲ್ಲಿ ನೀರಲ್ಲಿ ಕಲಸೋ ಕೂಲೆಂಟ್ ಮಾರ್ತೀನಿ. ಈ ಕಂಪನಿ ಯಾವ ಮೆಟಲ್ ಮಷಿನಿಂಗ್ ಮಾಡುತ್ತೆ, ಪ್ಲಾಂಟ್ ಎಲ್ಲೆಲ್ಲಿದೆ, ಎರಡು ವರ್ಷದಲ್ಲಿ ಹೊಸ ಲೈನ್ ಹಾಕಿದ್ಯಾ, ಕನ್ಸ್ಯೂಮಬಲ್ಸ್ (ಕೂಲೆಂಟ್ ಥರ ಬಳಸಿ ಖಾಲಿ ಆಗೋ ಸಾಮಾನು) ಪರ್ಚೇಸ್ ಯಾವ ಊರಲ್ಲಿ ಕೂತಿದೆ. ಒಂದೊಂದಕ್ಕೂ ಲಿಂಕು, ತಾರೀಖು ಕೊಡು. ಸಿಗದೇ ಇದ್ರೆ ಸಿಕ್ಕಿಲ್ಲ ಅಂತ ಬರಿ, ಊಹೆ ಆದ್ರೆ ಊಹೆ ಅಂತ ಬರಿ." ಇದನ್ನ ಎಐ ಒಳಗಿನ ಪ್ರಾಜೆಕ್ಟ್ ಅನ್ನೋ ಫೋಲ್ಡರಲ್ಲಿ ಸೇವ್ ಮಾಡಿಟ್ಟಿದ್ದೀನಿ, ನಮ್ಮ ಪ್ರಾಡಕ್ಟ್ ಡೇಟಾಶೀಟೂ ಅಲ್ಲೇ ಹಾಕಿದ್ದೀನಿ, ದಿನಾ ಮೊದಲಿಂದ ಹೇಳೋ ರಗಳೆ ಇಲ್ಲ. ಲಿಂಕ್ ಕೊಟ್ಟಿದೆ ಅಂತ ನಂಬ್ಕೊಂಡು ಹೋಗೋ ಹಾಗಿಲ್ಲ, ತೆಗೆದು ನೋಡ್ಲೇಬೇಕು, ಎರಡು ಸಲ ಲಿಂಕ್ ಸರಿ ಇತ್ತು, ಅದು ಹೇಳಿದ ಮಾತು ಮಾತ್ರ ಆ ಪೇಜಲ್ಲಿ ಇರಲೇ ಇಲ್ಲ.

ಮಜಾ ಏನಂದ್ರೆ ಆ "ಸಿಕ್ಕಿಲ್ಲ" ಅನ್ನೋ ಸಾಲುಗಳೇ ನಂಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು. ಬೆಳಿಗ್ಗೆ ಅವಷ್ಟನ್ನೇ ನೋಟ್‌ಬುಕ್ಕಿಗೆ ಇಳಿಸ್ಕೊಂಡು ಟೀ ಅಂಗಡಿಗೆ ಹೋಗ್ತೀನಿ.

ಒಂದು ಅಕೌಂಟ್ ಕಥೆ ಹೇಳ್ತೀನಿ. ಇಲ್ಲೇ ಒಂದು ಕಂಪನಿ, ನಾಲ್ಕು ವರ್ಷದಿಂದ ತಿಂಗಳಿಗೊಂದು ಸಲ ಹೋಗ್ತಿದ್ದೆ, ಪರ್ಚೇಸಲ್ಲಿ ಕೂತಿರೋರು ಒಳ್ಳೇ ಮನುಷ್ಯ, ಪ್ರತಿ ಸಲ "ರೇಟು ಜಾಸ್ತಿ ಸಾರ್, ನೋಡೋಣ" ಅಂತಿದ್ರು. ಪ್ಯಾನ್ ಹಾಕಿ ನೋಡಿದ್ರೆ 33 ಜೊತೆ ಒಂದು 29 ಕೂಡ ಇದೆ, ವಿಳಾಸ ಜಿಗಣಿ. ಅತ್ತಿಬೆಲೆ ಟೋಲ್ ದಾಟಿದ್ರೆ ಎಷ್ಟು ದೂರ ಹೇಳಿ, ಆದ್ರೂ ಬಾರ್ಡರ್ ಆಚೆ ಬೇರೆಯೋರ ಏರಿಯಾ ಅಂತ ನಾನು ಆ ಕಡೆ ತಲೆನೇ ಹಾಕಿರಲಿಲ್ಲ. ಎಐ ಒಂದು ಕೆಲಸದ ಜಾಹೀರಾತು ಹುಡುಕಿಕೊಡ್ತು, ಜಿಗಣೀಲಿ ಎರಡೂ ಪ್ಲಾಂಟಿನ ಕನ್ಸ್ಯೂಮಬಲ್ಸ್ ನೋಡ್ಕೊಳ್ಳೋಕೆ ಪರ್ಚೇಸ್ ಇಂಜಿನಿಯರ್ ಬೇಕು ಅಂತ. ಅಲ್ಲಿಗೆ ಗೊತ್ತಾಯ್ತು, ಹೊಸೂರಿನೋರ ಕೈಲಿ ಏನೂ ಇಲ್ಲ, ಪಾಪ ಬಾಯಿಬಿಟ್ಟು ಹೇಳೋಕಾಗದೆ ರೇಟು ಅಂತಿದ್ರು. ಇನ್ನೊಂದು ಜಾಹೀರಾತು ಹೊಸೂರು ಪ್ಲಾಂಟಿಗೆ ವಿಎಂಸಿ ಸೆಟ್ಟರ್, ಅಂದ್ರೆ ಮಿಲ್ಲಿಂಗ್ ಮಷಿನ್ ಸೆಟ್ ಮಾಡೋನು, ಬೇಕು ಅಂತ, ಅದರಲ್ಲಿ ಅಲ್ಯೂಮಿನಿಯಂ ಹೌಸಿಂಗ್ ಅನುಭವ ಕೇಳಿದ್ರು. ಇವರು ಇಷ್ಟು ವರ್ಷ ಕಾಸ್ಟ್ ಐರನ್ ಮಾಡ್ತಿದ್ದೋರು. ಪಿಎಚ್ ಜಾಸ್ತಿ ಇರೋ ಕೂಲೆಂಟ್ ಹಾಕಿದ್ರೆ ಅಲ್ಯೂಮಿನಿಯಂ ಮೇಲೆ ಕಪ್ಪು ಕಲೆ ಬೀಳುತ್ತೆ, ಇದು ಎಐ ಹೇಳ್ಬೇಕಾಗಿಲ್ಲ, ನಂಗೇ ಗೊತ್ತು. ಕಲೆ ಬೀಳ್ತಿದ್ಯಾ ಅನ್ನೋದಕ್ಕೆ ಮಾತ್ರ ಅದು "ಸಿಕ್ಕಿಲ್ಲ" ಅಂತ ಬರೆದಿತ್ತು. ಟೀ ಅಂಗಡೀಲಿ ಒಬ್ಬ ಸೆಟ್ಟರ್ ಸಿಕ್ದ, ಕೇಳ್ದೆ, "ಅಯ್ಯೋ ಬಿಡಣ್ಣ, ದಿನಾ ಬಟ್ಟೆ ಹಾಕಿ ಒರೆಸೋದೇ ಆಗೈತೆ" ಅಂದ.

ಜಿಗಣಿಗೆ ಹೋಗಿ ಆ ಇಂಜಿನಿಯರ್ ಹತ್ರ ರೇಟ್ ಮಾತೇ ತೆಗೀಲಿಲ್ಲ, ಕಲೆ ಬಗ್ಗೆ ಕೇಳ್ದೆ. ಒಂದು ಮಷಿನಿಗೆ ಟ್ರಯಲ್ ಕೊಟ್ರು. ಸಂಪ್ (ಮಷಿನಿನ ಕೂಲೆಂಟ್ ತೊಟ್ಟಿ) ತೊಳೆಸಿ ತುಂಬಿ, ದಿನಾ ಹೋಗಿ ಕೂಲೆಂಟ್ ಎಷ್ಟು ಗಟ್ಟಿ ಇದೆ ಅಂತ ರಿಫ್ರ್ಯಾಕ್ಟೋಮೀಟರಲ್ಲಿ ನೋಡಿ, 7ರ ಹತ್ರ ನಿಲ್ಸಿದೆ. ಭಾನುವಾರ ಮಷಿನ್ ನಿಂತು ಸೋಮವಾರ ಬೆಳಿಗ್ಗೆ ಕೊಳೆತ ವಾಸನೆ ಬರುತ್ತಲ್ಲ, ಮೂರು ಸೋಮವಾರ ನೋಡಿದ್ರು, ಬರಲಿಲ್ಲ.

ಎರಡು ವಿಷಯ ಮರೆತೆ. ಗಿರಾಕಿ ಕೊಟ್ಟ ಡ್ರಾಯಿಂಗು, ನಮ್ಮ ರೇಟ್ ಶೀಟು ನಾನು ಎಐಗೆ ಹಾಕಲ್ಲ, ಎನ್‌ಡಿಎ (ಗುಟ್ಟು ಬಿಡಲ್ಲ ಅನ್ನೋ ಒಪ್ಪಂದ) ಸೈನ್ ಮಾಡಿರ್ತೀವಿ, ಸೆಟ್ಟಿಂಗಲ್ಲಿ ನಮ್ಮ ಮಾತು ಟ್ರೈನಿಂಗಿಗೆ ಬಳಸೋದನ್ನೂ ಆಫ್ ಮಾಡಿದ್ದೀನಿ. ಇನ್ನೊಂದು, ನೋಟ್‌ಬುಕ್ ಫೋಟೋ ಹಾಕಿದ್ರೆ ಓದುತ್ತೆ, ಆದ್ರೆ ನನ್ನ 7 ಅದಕ್ಕೆ 1 ಥರ ಕಾಣುತ್ತೆ, ರೀಡಿಂಗ್ ಎಲ್ಲಾ ಕೈಯಲ್ಲೇ ಟೈಪ್ ಮಾಡ್ತೀನಿ.

ಹೋದ ತಿಂಗಳು ಆ ಕಂಪನಿಯಿಂದ ಎರಡು ಬ್ಯಾರಲ್ಲಿಗೆ ಪಿಓ ಬಂತು, ಬಿಲ್ ಜಿಗಣಿ 29ಕ್ಕೆ, ಮಾಲು ಇಳಿಸೋದು ಹೊಸೂರು 33ರಲ್ಲಿ. ನಮ್ಮ ಗೋಡೌನೂ ಹೊಸೂರಲ್ಲೇ, ಮಾಲೂ ಹೊಸೂರಲ್ಲೇ ಇಳಿಯುತ್ತೆ ಅಂತ ನಾನು ರಾಜ್ಯದೊಳಗಿನ ಮಾರಾಟದ ತೆರಿಗೆ ಸಿಜಿಎಸ್‌ಟಿ ಎಸ್‌ಜಿಎಸ್‌ಟಿ ಹಾಕ್ಸಿದ್ದೆ, ಅಕೌಂಟ್ಸ್ ಅಕ್ಕ ಬೈದು, ಬಿಲ್ ಹೋಗೋದು ಕರ್ನಾಟಕದ ನಂಬರಿಗೆ, ರಾಜ್ಯದಿಂದ ರಾಜ್ಯಕ್ಕೆ ಹಾಕೋ ತೆರಿಗೆ ಬೇಕು ಅಂತ ಬಿಲ್ ಕ್ಯಾನ್ಸಲ್ ಮಾಡಿ ಐಜಿಎಸ್‌ಟಿ ಹಾಕಿ ಹೊಸದಾಗಿ ಮಾಡಿದ್ರು, ಅಷ್ಟೊತ್ತಿಗೆ ಟೆಂಪೋದವನು ಊಟಕ್ಕೆ ಹೋಗಿಬಿಟ್ಟಿದ್ದ.