ಎರಡನೇ ತಿಂಗಳ ಮಾತ್ರೆ

ಶರಾವತಿ ಹಿನ್ನೀರಿನ ಆಚೆ ದಡ, ತುಮರಿ ಕಡೆ ನಮ್ಮೂರು. ಮೂವತ್ತು ವರ್ಷಕ್ಕೂ ಮೇಲೆ ಅಲ್ಲಿ ಬ್ರಾಂಚ್ ಪೋಸ್ಟ್ ಮಾಸ್ಟರ್ ಆಗಿದ್ದೆ. ಪಿಂಚಣಿ ಹಣ ಹಿಡಿದುಕೊಂಡು ಮನೆಮನೆಗೆ ಹೋಗುವವನಿಗೆ ಯಾರ ಮನೆಯ ಯಾವ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದೆ ಅನ್ನುವುದು ಯಾರೂ ಹೇಳದೆಯೇ ಗೊತ್ತಾಗುತ್ತದೆ. ನಮ್ಮ ಮನೆಯಲ್ಲೂ ಅಂಥ ಕೋಣೆ ಒಂದಿತ್ತು. 1998ರ ಮಳೆಗಾಲದಲ್ಲಿ ನನ್ನ ತಮ್ಮನಿಗೆ ನಿದ್ದೆ ಹೋಯಿತು. ಆಗ ಅವನಿಗೆ ಇಪ್ಪತ್ತನಾಲ್ಕು. ತೋಟದಲ್ಲಿ ಯಾರೋ ಹೆಸರು ಹಿಡಿದು ಕರೆಯುತ್ತಾರೆ ಅಂದ. ಅಮ್ಮ ಬಡಿಸಿದ ಅನ್ನದಲ್ಲಿ ಏನೋ ಬೆರೆಸಿದ್ದಾರೆ ಅಂದ. ಕೊನೆಗೆ ಮಾತೇ ನಿಂತಿತು.

ಈಗ ಅವನು ಅಡಿಕೆ ಸುಲಿಯುತ್ತಾನೆ, ಹಸು ಕರೆಯುತ್ತಾನೆ, ಪೇಟೆಗೆ ಹೋಗಿ ಸಾಮಾನು ತರುತ್ತಾನೆ. ಮದುವೆ ಮನೆಗೆ ಮಾತ್ರ ಬರುವುದಿಲ್ಲ. ಮಾನಸಿಕ ಕಾಯಿಲೆಯವರಿಗೆ ಚಿಕಿತ್ಸೆ ಕೊಡಿಸುವ ಬಗ್ಗೆ ಅವನ ಜತೆ ಓಡಾಡಿ ಕಲಿತದ್ದನ್ನು ಸುತ್ತಲಿನ ಹತ್ತಾರು ಮನೆಗಳಿಗೆ ಹೇಳಿದ್ದೇನೆ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಯಾವ ಮಾತ್ರೆ, ಎಷ್ಟು ಅನ್ನುವುದು ಅವರಿಗೆ ಬಿಟ್ಟದ್ದು. ಆ ಮಾತ್ರೆ ಮನೆ ತಲುಪುವ ದಾರಿ ಮಾತ್ರ ನನಗೆ ಗೊತ್ತು.

ಮೊದಲ ತಿಂಗಳು ಎಲ್ಲರೂ ಓಡುತ್ತಾರೆ. ಜೀಪಿಗೆ ದುಡ್ಡು ಹೊಂದುತ್ತದೆ, ಬೀಗರು ಬರುತ್ತಾರೆ, ಶಿವಮೊಗ್ಗದಲ್ಲಿರುವ ಭಾವ ರಜೆ ಹಾಕಿ ಆಸ್ಪತ್ರೆ ಬಾಗಿಲಲ್ಲಿ ನಿಲ್ಲುತ್ತಾನೆ. ಎರಡನೇ ತಿಂಗಳ ಮಾತ್ರೆ ತರುವವರು ಯಾರು ಅನ್ನುವ ಪ್ರಶ್ನೆಗೆ ಮಾತ್ರ ಯಾರ ಹತ್ತಿರವೂ ಉತ್ತರ ಇರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯವರು ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಒಂದೊಂದು ಬಗೆಯ ಮಾನಸಿಕ ಕಾಯಿಲೆಗೆ ಒಂದೊಂದು ಲೆಕ್ಕವಾಗಿ ನೂರಕ್ಕೆ 70ರಿಂದ 92 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಚೀಟಿ ಬರೆಸಿಕೊಂಡು ಬಂದು ಎರಡನೇ ತಿಂಗಳಿಗೆ ನಿಲ್ಲಿಸಿದವರನ್ನು ನಮ್ಮೂರಲ್ಲೇ ಬೆರಳು ಮಡಿಚಿ ಎಣಿಸಬಲ್ಲೆ. ಹಾಗಾಗಿ ನನ್ನ ಮೊದಲ ಸಲಹೆ: ಡಾಕ್ಟರ ಹತ್ತಿರ ಹೊರಡುವ ಮುಂಚೆಯೇ ಮುಂದಿನ ಆರು ತಿಂಗಳು ಮಾತ್ರೆ ತರುವ ಒಬ್ಬರನ್ನು ಗೊತ್ತು ಮಾಡಿ. ಮನೆಯವರೇ ಆಗಬೇಕಿಲ್ಲ, ವಾರಕ್ಕೊಮ್ಮೆ ಸಾಗರಕ್ಕೆ ಹೋಗಿಬರುವ ಯಾರಾದರೂ ಸಾಕು.

ಇನ್ನು ಎಲ್ಲಿಗೆ ಹೋಗುವುದು. ನಮ್ಮ ಕಡೆ ಜನಕ್ಕೆ ಒಂದು ಖಯಾಲಿ, ಹೋದರೆ ಸೀದಾ ಬೆಂಗಳೂರಿಗೇ ಹೋಗಬೇಕು ಅಂತ. ದೊಡ್ಡ ಆಸ್ಪತ್ರೆಗೆ ಹೋದರೆ ದೊಡ್ಡದಾಗಿ ವಾಸಿಯಾಗುತ್ತದೆ ಅನ್ನುವ ಲೆಕ್ಕ. ರಾತ್ರಿ ರೈಲು, ಬೆಳಿಗ್ಗೆ ಸರದಿ, ಸಂಜೆ ಮಾತ್ರೆ. ಒಂದು ತಿಂಗಳಾದ ಮೇಲೆ ಮತ್ತೆ ಅದೇ ಖರ್ಚು, ಎರಡು ದಿನದ ಕೂಲಿ ಬೇರೆ ಹೋಯಿತು. ಮೂರನೇ ಸಲಕ್ಕೆ ನಿಲ್ಲುತ್ತದೆ. ಹತ್ತಿರದಿಂದ ಶುರು ಮಾಡಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯ ಹತ್ತಿರ ಮುಂಚೆಯೇ ಫೋನ್ ಮಾಡಿಸಿ ಕೇಳಿ. ನಾನು ಕೇಳದೆ ಹೋಗಿ ಖಾಲಿ ಕುರ್ಚಿಗೆ ನಮಸ್ಕಾರ ಹಾಕಿ ಬಂದದ್ದುಂಟು. ಅಲ್ಲಿ ಆಗದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಅಲ್ಲಿನವರೇ ಹೇಳಿದರೆ ಆಮೇಲೆ ನಿಮ್ಹಾನ್ಸ್.

ಹಳ್ಳಿಯಲ್ಲೇ ಇದ್ದು ಗುಣವಾಗುವುದು ಸುಳ್ಳು ಅನ್ನುವವರಿಗೆ ನಾನು ತೀರ್ಥಹಳ್ಳಿಯ ಉದಾಹರಣೆ ಕೊಡುತ್ತೇನೆ. ನಮ್ಮದೇ ಜಿಲ್ಲೆಯ ಆ ತಾಲೂಕಿನಲ್ಲಿ ನಿಮ್ಹಾನ್ಸ್‌ನವರು ಸ್ಥಳೀಯ ಆರೋಗ್ಯ ಕಾರ್ಯಕರ್ತರ ಸಹಾಯದಿಂದ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳುವ, ಇಲ್ಲದ ಸಂಶಯ ಕಾಡುವ ಕಾಯಿಲೆ, ಇರುವವರನ್ನು ಹುಡುಕಿ, ಊರಲ್ಲೇ ಚಿಕಿತ್ಸೆ ಕೊಟ್ಟು ವರ್ಷಗಟ್ಟಲೆ ಗಮನಿಸಿದ್ದಾರೆ. 2009ರಲ್ಲಿ ಬಂದ ಅವರ ವರದಿಯಲ್ಲಿ, ಮಾತ್ರೆ ಮುಂದುವರಿಸಿದವರು ದಿನದ ಕೆಲಸಕ್ಕೆ ಮರಳಿದ್ದು, ಮಾತ್ರೆ ಇಲ್ಲದವರು ಇದ್ದಲ್ಲೇ ಉಳಿದದ್ದು ಎದ್ದು ಕಾಣುತ್ತದೆ. ಅಲ್ಲಿ ಯಾರೂ ಹೊಸ ಔಷಧಿ ಕಂಡುಹಿಡಿಯಲಿಲ್ಲ. ಇದ್ದ ಔಷಧಿಯನ್ನೇ ತಪ್ಪದಂತೆ ತಲುಪಿಸಿದರು, ಅಷ್ಟೇ.

ಡಾಕ್ಟರ ಎದುರು ನಿಮಗೆ ಸಿಗುವುದು ಹೆಚ್ಚೆಂದರೆ ಹತ್ತು ನಿಮಿಷ. ಅಷ್ಟರಲ್ಲಿ ಅಮ್ಮ ಅಳುತ್ತಾರೆ, ಅಪ್ಪ "ಮೊದಲಿಂದ ಒಳ್ಳೇ ಹುಡುಗ ಸಾರ್" ಅನ್ನುತ್ತಾರೆ, ಬೇಕಾದ ವಿಷಯ ಬಾಯಿಗೇ ಬರುವುದಿಲ್ಲ. ಅದಕ್ಕೇ ಮುಂಚೆಯೇ ಒಂದು ಪುಟ ಬರೆದು ಇಟ್ಟುಕೊಳ್ಳಿ. ಮೇಲಿನ ಕೇರಿಯ ಒಬ್ಬ ಹೆಣ್ಣುಮಗಳಿಗಾಗಿ ಅವಳ ಅತ್ತೆ ಹೇಳಿದ್ದನ್ನು ನಾನು ಬರೆದುಕೊಂಡ ಪುಟ ಇನ್ನೂ ನನ್ನ ಹತ್ತಿರ ಇದೆ:

"ನಿದ್ದೆ: ದೀಪಾವಳಿಯಿಂದ ಇಲ್ಲ. ರಾತ್ರಿ ಎರಡಕ್ಕೆ ಎದ್ದು ಅಂಗಳ ಗುಡಿಸುತ್ತಾಳೆ. ಊಟ: ತಾನೇ ಬೇಯಿಸಿದ್ದಾದರೆ ಮಾತ್ರ. ಸ್ನಾನ: ಹೇಳಿದರೆ ಸಿಟ್ಟು. ಮಾತು: ಒಬ್ಬಳೇ, ಬಚ್ಚಲ ಒಲೆ ಮುಂದೆ. ಮಗು: ಎತ್ತಿಕೊಳ್ಳುವುದಿಲ್ಲ, ಅತ್ತರೂ ನೋಡುವುದಿಲ್ಲ. ಮಗುವಿಗೆ ಐದು ತಿಂಗಳು. ಹಿಂದೆ ಹೀಗೆ: ಇಲ್ಲ. ಅವಳ ಚಿಕ್ಕಮ್ಮನಿಗೆ ಇತ್ತಂತೆ. ಬೇರೆ ಮಾತ್ರೆ: ಥೈರಾಯ್ಡ್."

ಡಾಕ್ಟರು ಅದನ್ನು ಎರಡು ಸಲ ಓದಿದರು. ಮಗುವಿಗೆ ಐದು ತಿಂಗಳು ಅನ್ನುವ ಸಾಲಿಗೆ ಪೆನ್ನಿನಲ್ಲಿ ಗೆರೆ ಎಳೆದು, ಹೆರಿಗೆ ಆದ ದಿನದಿಂದ ಏನೇನಾಯಿತು ಅಂತ ಅಲ್ಲಿಂದಲೇ ಮಾತು ಶುರು ಮಾಡಿದರು. ಮೂರ್ಛೆ ಬರುತ್ತದೆಯೇ, ಕುಡಿಯುತ್ತಾರೆಯೇ, ಸಾಯುವ ಮಾತು ಆಡಿದ್ದಾರೆಯೇ, ಈ ಮೂರನ್ನೂ ಪುಟದಲ್ಲಿ ಸೇರಿಸಿ. ನಾಚಿಕೆಯಿಂದ ಬಿಡುವುದು ಸಾಮಾನ್ಯವಾಗಿ ಇವನ್ನೇ.

ಬರಲು ಒಪ್ಪದವರನ್ನು ಕರೆದುಕೊಂಡು ಹೋಗುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಹೇಗೆ ಕರೆದುಕೊಂಡು ಹೋಗಬಾರದು ಅನ್ನುವುದು ನನಗೆ ಚೆನ್ನಾಗಿ ಗೊತ್ತು. ತಮ್ಮನನ್ನು ಮೊದಲ ಸಲ ಒಯ್ದಾಗ ಅಡಿಕೆ ಕೊನೆ ಇಳಿಸುವ ಹಗ್ಗದಿಂದ ಕೈ ಕಟ್ಟಿ ಜೀಪಿನಲ್ಲಿ ಕೂರಿಸಿ ಹಿನ್ನೀರು ದಾಟಿಸುವ ಲಾಂಚ್ ಹತ್ತಿಸಿದೆವು. ಆಗ ಸೇತುವೆ ಇರಲಿಲ್ಲ. ಲಾಂಚಿನ ತುಂಬ ಸಿಗಂದೂರಿಂದ ವಾಪಸು ಹೊರಟ ಭಕ್ತರು, ನಮ್ಮೂರಿನವರು, ಶಾಲೆ ಮಕ್ಕಳು. ನಡುನೀರಿನಲ್ಲಿ ಅವನು ಮೆಲ್ಲಗೆ ಅಂದ: "ಅಣ್ಣಯ್ಯಾ, ಬಿಚ್ಚು. ಎಲ್ಲಿಗೆ ಓಡ್ಲಿ, ಸುತ್ತ ನೀರೇ ಇದ್ಯಲ." ನಾನು ಬಿಚ್ಚಲಿಲ್ಲ. ಆಮೇಲೆ ಎರಡು ವರ್ಷ ಅವನು ನನ್ನ ಕೈಯಿಂದ ಒಂದು ಮಾತ್ರೆಯನ್ನೂ ತೆಗೆದುಕೊಳ್ಳಲಿಲ್ಲ. ಅತ್ತಿಗೆ ಕೊಟ್ಟರೆ ಮಾತ್ರ ನುಂಗುತ್ತಿದ್ದ. ಅವಳು ತವರಿಗೆ ಹೋದ ವಾರ ಮಾತ್ರೆಯೂ ಇಲ್ಲ.

ಈಗಿನ 2017ರ ಮಾನಸಿಕ ಆರೋಗ್ಯ ಕಾಯ್ದೆ ಕಾಯಿಲೆಯವರನ್ನು ಸರಪಳಿಯಲ್ಲಿ ಬಿಗಿಯುವುದನ್ನು ನಿಷೇಧಿಸಿದೆ. ಕಾನೂನಿನ ಮಾತು ಹಾಗಿರಲಿ, ಕಟ್ಟಿ ಒಯ್ದವನು ಮರುತಿಂಗಳು ತಾನಾಗಿ ಬರುವುದಿಲ್ಲ. ಸುಳ್ಳು ಹೇಳಿ ಒಯ್ದರೂ ಅದೇ ಕಥೆ. ಅವರಿಗೇ ಕಷ್ಟ ಕೊಡುತ್ತಿರುವ ಒಂದು ಸಂಗತಿ ಹಿಡಿಯಿರಿ. ಕಿವಿಯಲ್ಲಿ ಕೇಳುವ ದನಿ ಸುಳ್ಳು ಅಂತ ವಾದಕ್ಕೆ ಇಳಿಯಬೇಡಿ. "ನಿದ್ದೆ ಇಲ್ಲದೆ ಎಷ್ಟು ದಿನ ಆಯ್ತು ಮಾರಾಯ, ಅದಕ್ಕೊಂದು ಮಾತ್ರೆ ಕೇಳಾಣ ಬಾ" ಅಂದರೆ ಹತ್ತರಲ್ಲಿ ಏಳು ಜನ ಬರುತ್ತಾರೆ, ಇದು ನನ್ನ ಅನುಭವದ ಲೆಕ್ಕ. ಕರೆಯುವವರು ಒಬ್ಬರೇ ಇರಲಿ, ಕಾಯಿಲೆಯವರು ನಂಬುವಂಥವರಾಗಿರಲಿ. ಹೊಡೆತ ಬಡಿತಕ್ಕೆ ತಿರುಗಿದ್ದರೆ ಮಾತ್ರ 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು ಆಸ್ಪತ್ರೆಗೆ ತಲುಪಿಸುವ ಹೊಣೆಯನ್ನು ಅದೇ ಕಾಯ್ದೆ ಪೊಲೀಸರ ಮೇಲೆ ಹಾಕಿದೆ.

ನೋಡಿಸುವ ವಿಷಯ. ನಮ್ಮಲ್ಲಿ ಆಸ್ಪತ್ರೆಗಿಂತ ಮೊದಲು ದೇವರ ಹತ್ತಿರ ಪ್ರಶ್ನೆ ಕೇಳುತ್ತಾರೆ, ಚೌಡಿಗೆ ಹರಕೆ ಹೊರುತ್ತಾರೆ, ತಾಯತ ಕಟ್ಟುತ್ತಾರೆ. ಅದನ್ನು ಬೈದು ನಾನು ಎರಡು ಮನೆ ಕಳೆದುಕೊಂಡೆ, ಆಮೇಲೆ ಅವರು ನನಗೆ ಬಾಗಿಲೇ ತೆಗೆಯಲಿಲ್ಲ. ಈಗ ಬೈಯುವುದಿಲ್ಲ. "ಹರಕೆ ನಡೀಲಿ, ಮಾತ್ರೆನೂ ನಡೀಲಿ" ಅನ್ನುತ್ತೇನೆ. ಮೈಮೇಲೆ ದೇವರು ಬರುವ ಒಬ್ಬ ಪಾತ್ರಿಗಳ ಹತ್ತಿರ ಹೋಗಿ ಕೂತು ಮಾತಾಡಿದೆ. ಈಗ ಅವರೇ ಪ್ರಸಾದ ಕೊಟ್ಟು "ಮಂಗಳವಾರ ಡಾಕ್ಟ್ರಿಗೂ ತೋರಿಸಿ ಬನ್ನಿ" ಅನ್ನುತ್ತಾರೆ. ಅವರ ಒಂದು ಮಾತಿಗೆ ನನ್ನ ಹತ್ತು ಮಾತಿನ ತೂಕ. ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡವುವುದು ಕಂಡರೆ ಮಾತ್ರ ಸುಮ್ಮನಿರಬೇಡಿ.

ಮಾತ್ರೆ ಶುರುವಾದ ಮೇಲೆ ಕೆಡುವುದು ಎರಡು ಕಡೆ. ಮೊದಲನೆಯದು, ಕಾಯಿಲೆ ಇಳಿಯುವ ಮುಂಚೆಯೇ ತೊಂದರೆ ಕಾಣಿಸಿಕೊಳ್ಳುತ್ತದೆ. ಕೈ ನಡುಗುತ್ತದೆ, ಮೈ ಮರಗಟ್ಟಿದ ಹಾಗಾಗುತ್ತದೆ, ಬಾಯಲ್ಲಿ ಜೊಲ್ಲು, ಹಗಲೂ ನಿದ್ದೆ. "ಈ ಔಷಧಿಯಿಂದ ಇನ್ನೂ ಹಾಳಾದ" ಅಂತ ಮನೆಯವರು ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ಅನ್ನುವ ಬೇರೆ ಮಾತ್ರೆ ಇದೆ, ಡೋಸ್ ಕಡಿಮೆ ಮಾಡುವುದಕ್ಕೂ ದಾರಿ ಇದೆ. ಖಿನ್ನತೆಯ ಮಾತ್ರೆಗಳು ಹಿಡಿಯುವುದಕ್ಕೇ ಎರಡು ಮೂರು ವಾರ ಬೇಕು ಅನ್ನುವುದನ್ನು ಮೊದಲ ದಿನವೇ ಮನೆಯವರಿಗೆ ತಿಳಿಸಿ. ಎರಡನೆಯದು, ಗುಣ ಕಂಡಾಗ. ಚೆನ್ನಾಗಿ ಉಂಡ, ನಕ್ಕ, ತೋಟಕ್ಕೆ ಹೋದ, ಇನ್ನೇಕೆ ಮಾತ್ರೆ? ನಮ್ಮ ತಮ್ಮನಿಗೆ 2003ರಲ್ಲಿ ಹಾಗೇ ನಿಲ್ಲಿಸಿದೆವು. ಅಡಿಕೆ ಕೊಯ್ಲು ಮುಗಿಯುವಷ್ಟರಲ್ಲಿ ಮತ್ತೆ ಅದೇ ಕೋಣೆ, ಅದೇ ಚಿಲಕ. ಮಾತ್ರೆ ನುಂಗಲು ಒಪ್ಪದೇ ಇರುವವರಿಗೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಹಾಕುವ ಫ್ಲೂಫೆನಜಿನ್ ತರಹದ ಇಂಜೆಕ್ಷನ್ ಇದೆ, ಕೇಳಿ ನೋಡಿ.

ಮಾತ್ರೆಗೆ ನಾನು ಬಳಸುವುದು ಅಂಚೆ ಲಕೋಟೆ. ಬುದ್ಧಿ ಬಂದಾಗಿನಿಂದ ಕೈಯಲ್ಲಿ ಹಿಡಿದದ್ದು ಅದನ್ನೇ ತಾನೆ. ಒಂದರ ಮೇಲೆ ಸೂರ್ಯ, ಇನ್ನೊಂದರ ಮೇಲೆ ಚಂದ್ರ ಬರೆದರೆ ಓದಲು ಬಾರದ ಅಜ್ಜಿಯೂ ತಪ್ಪದೆ ಕೊಡುತ್ತಾರೆ. ಕೊಟ್ಟ ಮೇಲೆ ಗೋಡೆ ಕ್ಯಾಲೆಂಡರಿನ ಆ ತಾರೀಕಿಗೆ ಒಂದು ಗೀಟು. ಮೂರನೇ ಲಕೋಟೆಯಲ್ಲಿ ಯಾವಾಗಲೂ ಹತ್ತು ದಿನದ ಮಾತ್ರೆ, ಅದನ್ನು ಮುಟ್ಟಿದ ದಿನವೇ ಹೊಸದು ತರಲು ಹೇಳಿಕಳಿಸಬೇಕು. ಅದರ ಜತೆ ಚೀಟಿಯ ಜೆರಾಕ್ಸ್. ಹಳೇ ಚೀಟಿಗೆ ಮೆಡಿಕಲ್ ಶಾಪಿನವರು ಈ ಮಾತ್ರೆ ಕೊಡುವುದಿಲ್ಲ, ಕೊಡಲೂಬಾರದು. ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಸತತ ಎರಡು ತಿಂಗಳು "ಸ್ಟಾಕ್ ಇಲ್ಲ" ಅಂದರು. ಆಗ ಜನೌಷಧಿ ಕೇಂದ್ರ ಕೈಹಿಡಿಯಿತು. ಅಲ್ಲಿ ಬ್ರಾಂಡ್ ಹೆಸರಲ್ಲ, ಔಷಧಿಯ ಹೆಸರು ಬೇಕು. ರಿಸ್ಪೆರಿಡೋನ್, ಓಲಾಂಜಪಿನ್, ಫ್ಲೂಆಕ್ಸೆಟಿನ್, ನಿಮ್ಮದು ಯಾವುದೋ ಅದನ್ನು ಡಾಕ್ಟರ ಕೈಯಲ್ಲೇ ದೊಡ್ಡಕ್ಷರದಲ್ಲಿ ಬರೆಸಿಕೊಳ್ಳಿ. ಲಿಥಿಯಂ ತೆಗೆದುಕೊಳ್ಳುವವರು ರಕ್ತ ಪರೀಕ್ಷೆ ತಪ್ಪಿಸಬಾರದು, ಬಿಸಿಲಲ್ಲಿ ಕೆಲಸ ಮಾಡುವಾಗ ನೀರು ಕುಡಿಯುತ್ತಿರಬೇಕು.

ಮಳೆಗಾಲಕ್ಕೆ ಮೇ ತಿಂಗಳಲ್ಲೇ ಡಾಕ್ಟರನ್ನು ಕೇಳಿ ಎರಡು ತಿಂಗಳದ್ದು ಬರೆಸಿ. ಲಾಂಚಿನ ಕಾಲದಲ್ಲಿ ಸಂಜೆ ಲಾಂಚ್ ತಪ್ಪಿದರೆ ಮಾತ್ರೆಯೂ ಸಾಗರದ ಕಡೆ ದಡದ ಅಂಬಾರಗೋಡ್ಲಿನಲ್ಲೇ ರಾತ್ರಿ ಕಳೆಯುತ್ತಿತ್ತು. 2025ರ ಜುಲೈಯಲ್ಲಿ ಸೇತುವೆ ತೆರೆಯಿತು, ಆ ತಾಪತ್ರಯ ಹೋಯಿತು. ಆದರೂ ಮರ ಬಿದ್ದ ರಸ್ತೆ, ಬಾರದ ಬಸ್ಸು ನಮಗೆ ಇದ್ದದ್ದೇ. ಸಾಧ್ಯವಿದ್ದರೆ ನಾಲ್ಕೈದು ಮನೆ ಸೇರಿ. ಒಬ್ಬರು ಎಲ್ಲರ ಚೀಟಿ ಹಿಡಿದು ಹೋದರೆ ಐದು ಜನರ ಕೂಲಿ ಉಳಿಯಿತು. ಇವರ ಮನೆಯ ಗುಟ್ಟು ಅವರಿಗೆ ತಿಳಿಯುತ್ತದಲ್ಲ ಅಂತ ಮೊದಲು ಹಿಂಜರಿಯುತ್ತಾರೆ. ಎಲ್ಲರದ್ದೂ ಒಂದೇ ಗುಟ್ಟು ಅಂತ ಗೊತ್ತಾದ ಮೇಲೆ ತಾವೇ ಸರದಿ ಹಾಕಿಕೊಳ್ಳುತ್ತಾರೆ.

ಎಲ್ಲದಕ್ಕೂ ಮಾತ್ರೆ ಬೇಕಿಲ್ಲ. ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡಾ ಅನ್ನುವ ಮನೋವೈದ್ಯರು ಅಜ್ಜಿಯಂದಿರಿಗೆ ತರಬೇತಿ ಕೊಟ್ಟು ಆಸ್ಪತ್ರೆ ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಆ ದೇಶ ನಮಗಿಂತ ಬಡದೇಶ, ಮನೋವೈದ್ಯರು ಬೆರಳೆಣಿಕೆಯಷ್ಟು. 573 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಬಂತು. ಅಜ್ಜಿಯರ ಜತೆ ಮಾತಾಡಿದವರಿಗೆ ಆರು ತಿಂಗಳ ಹೊತ್ತಿಗೆ ಸಂಕಟ ಸಾಕಷ್ಟು ಇಳಿದಿತ್ತು. ಆ ಅಜ್ಜಿಯರು ಖಿನ್ನತೆ ಅನ್ನುವ ಪದ ಬಳಸುವುದಿಲ್ಲ, ಅವರ ಶೋನಾ ಭಾಷೆಯಲ್ಲಿ "ಕುಫುಂಗಿಸಿಸ" ಅನ್ನುತ್ತಾರೆ. ಅತಿಯಾಗಿ ಯೋಚಿಸುವುದು ಅಂತ ಅರ್ಥ. ನಮ್ಮ ಮಂಡೆಬಿಸಿ ಇದ್ದ ಹಾಗೆ. ಅವರು ಕೇಳಿಸಿಕೊಳ್ಳುತ್ತಾರೆ, ಇರುವ ತೊಂದರೆಗಳಲ್ಲಿ ಒಂದನ್ನು ಆರಿಸಲು ಹೇಳುತ್ತಾರೆ, ಅದಕ್ಕೆ ಈ ವಾರ ಏನು ಮಾಡಬಹುದು ಅಂತ ಬಂದವರಿಂದಲೇ ಹೇಳಿಸುತ್ತಾರೆ, ಮುಂದಿನ ವಾರ ಏನಾಯಿತು ಅಂತ ವಿಚಾರಿಸುತ್ತಾರೆ. ಇಷ್ಟನ್ನು ನಮ್ಮ ಸ್ವಸಹಾಯ ಸಂಘದ ಹೆಂಗಸರು ಆರಾಮಾಗಿ ಮಾಡಬಲ್ಲರು. ಜಗಲಿಯ ಮೇಲೆ ಮಾತ್ರ ಬೇಡ. ಮಲೆನಾಡಿನ ಜಗಲಿಯಲ್ಲಿ ಆಡಿದ ಮಾತು ಕೊಟ್ಟಿಗೆಯ ದನಕ್ಕೂ ಕೇಳುತ್ತದೆ. ಸೊಪ್ಪಿಗೆ ಹೋಗುವಾಗ, ತೋಟದ ಅಂಚಿನಲ್ಲಿ ನಡೆಯುತ್ತಾ ಮಾತಾಡಿ.

ಸಾಯುವ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. "ಹಾಗೆಲ್ಲ ಅನ್ನಬಾರದು" ಅಂತ ಬಾಯಿ ಮುಚ್ಚಿಸಬೇಡಿ, ನೇರವಾಗಿ ಕೇಳಿ. ಕೇಳಿದ್ದರಿಂದ ಯಾರಿಗೂ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಗದ್ದೆ, ತೋಟಕ್ಕೆ ಹೊಡೆಯುವ ಔಷಧಿ ಡಬ್ಬಿಗಳನ್ನು ಅವತ್ತೇ ಬೇರೆ ಮನೆಗೆ ಸಾಗಿಸಿ ಬೀಗ ಹಾಕಿಸಿ. ಶ್ರೀಲಂಕಾದಲ್ಲಿ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಇಪ್ಪತ್ತು ವರ್ಷದಲ್ಲಿ ಆತ್ಮಹತ್ಯೆ ಸುಮಾರು 70 ಶೇಕಡಾ ಕಡಿಮೆಯಾಯಿತು. ಆ ಹೊತ್ತು ದಾಟಿದರೆ ಮನುಷ್ಯ ಉಳಿಯುತ್ತಾನೆ. ಒಬ್ಬರನ್ನೇ ಬಿಡಬೇಡಿ, ಆಸ್ಪತ್ರೆಗೆ ಕರೆದೊಯ್ಯಲು ಪೊಲೀಸ್ ಕೇಸಿನ ಹೆದರಿಕೆ ಬೇಡ. ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಕಾಯ್ದೆ ಭಾವಿಸುತ್ತದೆ, ಶಿಕ್ಷಿಸುವುದಿಲ್ಲ.

ಕಾಗದಪತ್ರದ ಬಗ್ಗೆ ಚಿಕ್ಕದಾಗಿ. 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಇದೆ. ಶೇಕಡಾ 40 ಅಥವಾ ಹೆಚ್ಚು ಅಂತ ಪ್ರಮಾಣಪತ್ರ ಬಂದರೆ ಸವಲತ್ತುಗಳಿಗೆ ದಾರಿ ಆಗುತ್ತದೆ, ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿ. ನಾಲ್ಕು ಸಲ ಓಡಾಡಿಸುತ್ತಾರೆ, ಹೋಗಿ.

ಕೊನೆಗೆ ಫೋನು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ, ಮನೆಯವರೂ ಮಾಡಬಹುದು. ನಮ್ಮ ಕಡೆ ತೊಡಕು ನಂಬರಿನದ್ದಲ್ಲ, ನೆಟ್‌ವರ್ಕಿನದ್ದು. ಕರೆಂಟ್ ಹೋದರೆ ಟವರೂ ಹೋಗುತ್ತದೆ. ಹಾಗಾಗಿ ನಿಮ್ಮ ಮನೆಯಿಂದ ಎಷ್ಟು ಹೆಜ್ಜೆಗೆ ಸಿಗ್ನಲ್ ಸಿಗುತ್ತದೆ ಅಂತ ಇವತ್ತೇ, ಎಲ್ಲರೂ ಚೆನ್ನಾಗಿರುವಾಗಲೇ, ಒಮ್ಮೆ ನಡೆದು ನೋಡಿಟ್ಟುಕೊಳ್ಳಿ. ನಮ್ಮ ಮನೆಗೆ ಅದು ಗುಡ್ಡದ ನೇರಳೆ ಮರ. ಅದರ ಬುಡದಲ್ಲಿ ಕೂರಲು ಒಂದು ಹಾಸುಗಲ್ಲು ತಂದು ಹಾಕಿದ್ದು ತಮ್ಮನೇ.